ಗಂಟೆ ಮಾರ್ಕಿನ ಮಾದ ಗೌಡ

ಮಾದ ಗೌಡನ ವಿಷಯ ಕೇಳಲು ಯಾರಾದರೂ ಬಂದರೆ ನಾನು ಮೊದಲೇ ಹೇಳಿಬಿಡುತ್ತೇನೆ: ನಗುವುದಕ್ಕೆ ಬಂದಿದ್ದರೆ ಎದ್ದು ಹೋಗಿ. ಊಟಿ ಸಂತೆಯಲ್ಲಿ ಅವನ ಹೆಸರೆತ್ತಿದರೆ ಸಾಕು, ಹಲ್ಲು ಕಿಸಿಯುವವರು ಬೇಕಾದಷ್ಟು ಜನ ಇದ್ದರು. ಪೆಟ್ಟಿಗೆಯ ಬಾಯಲ್ಲಿ ಹೂಂ ಅನ್ನಿಸಲು ಹೋದ ಗೌಡ ಎಂದು ಆಡಿಕೊಳ್ಳುತ್ತಿದ್ದರು. ಆ ಹೂಂ ಯಾವುದು, ಯಾರ ಕೊರಳಿಗೆ ಬೇಕಾಗಿತ್ತು ಎಂದು ಅವರಿಗೆ ಗೊತ್ತಿದ್ದರೆ ನಾಲಿಗೆ ಅಷ್ಟು ಸಡಿಲ ಬಿಡುತ್ತಿರಲಿಲ್ಲ. ಗೊತ್ತಿದ್ದೂ ನಕ್ಕವರೂ ಇದ್ದಾರೆ. ಅವರಿಗೆ ನಾನು ಇವತ್ತಿಗೂ ಎಲೆ ಅಡಿಕೆ ಮಾರುವುದಿಲ್ಲ.

ನಾನು ಸಿದ್ದಾಜಮ್ಮ, ಗುಂಡ್ಲುಪೇಟೆ ಸೀಮೆಯವಳು. ಮದುವೆಯಾದ ವರ್ಷವೇ ನಮ್ಮ ಯಜಮಾನರು ರಾಚಯ್ಯನವರ ಜೊತೆ ಸೀಗೂರು ಘಾಟಿ ಹತ್ತಿ ಬಂದು ಸಂತೆಯ ಬಾಗಿಲಲ್ಲೇ ವೀಳ್ಯದೆಲೆ, ಅಡಿಕೆ, ಬೆಲ್ಲದ ಅಂಗಡಿ ಇಟ್ಟೆವು. ನಮ್ಮ ಅಂಗಡಿಯ ಮಗ್ಗುಲಲ್ಲಿ ಒಂದು ಕಲ್ಲುಕಟ್ಟೆ ಇದೆ. ಮಾದ ಗೌಡ ತನ್ನ ಪೆಟ್ಟಿಗೆ ಇಡುತ್ತಿದ್ದದ್ದು ಅಲ್ಲಿಯೇ. ಮಲೆಯ ಬಡಗರವನು, ಬಿಳಿ ಮುಂಡಾಸು, ಬಿಳಿ ಹೊದಿಕೆ, ನೆಟ್ಟಗೆ ನಿಂತರೆ ಬಾಗಿಲ ಮೇಲ್ಪಟ್ಟಿ ತಾಗುವಷ್ಟು ಎತ್ತರದ ಆಳು. ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು. ಉಳಿದವಳು ಒಬ್ಬಳೇ ಮಗಳು, ರಂಗಿ.

ಅವನು ಮೊದಲು ಎಲ್ಲರ ಹಾಗೆ ಆಲೂಗಡ್ಡೆ ಬೆಳೆಯುವವನು. ಬಿಳಿಯರ ಅಂಗಡಿಯೊಂದರಿಂದ ಬಂಗಲೆಗಳಿಗೆ ಸಾಮಾನು ಹೊರುವ ಕೆಲಸವೂ ಇತ್ತು. ಹಾಗೆ ಒಂದು ದಿನ ಹೊತ್ತುಕೊಂಡು ಹೋದ ಪೆಟ್ಟಿಗೆಯನ್ನು ಬಂಗಲೆಯ ದೊರೆ ಅವನ ಎದುರಿಗೇ ಬಿಚ್ಚಿ, ಕೀಲಿ ತಿರುಗಿಸಿ, ಮೇಣದ ಉರುಳೆಯೊಂದನ್ನು ಅದರ ದಿಂಡಿಗೆ ತೊಡಿಸಿ, ಸೂಜಿ ಇಳಿಸಿದನಂತೆ. ಒಳಗಿಂದ ಯಾರೋ ಹಾಡಿದರಂತೆ. ಗೌಡ ಪೆಟ್ಟಿಗೆಯ ಹಿಂದಕ್ಕೆ ಹೋಗಿ ನೋಡಿದನಂತೆ, ಮೇಜಿನ ಕೆಳಗೂ ಬಗ್ಗಿ ನೋಡಿದನಂತೆ. ಅವತ್ತಿನಿಂದ ಅವನಿಗೆ ಅದೊಂದೇ ಧ್ಯಾನ. ಎರಡು ಬೆಳೆಯ ದುಡ್ಡು ಸುರಿದು ತಾನೂ ಅಂಥದ್ದೇ ಒಂದನ್ನು ತಂದ. ತಂದವನು ನೇರ ನಮ್ಮ ಅಂಗಡಿ ಮುಂದೆ ಇಳಿಸಿ, ‘ಅಕ್ಕ, ಬಾಯಿ ಇಲ್ಲದೆ ಮಾತಾಡುತ್ತ ನೋಡು ಇದು’ ಎಂದ.

‘ಬಾಯಿ ಇದ್ದೂ ಮಾತಾಡದ ಗಂಡಸರ ಮಧ್ಯ ಇದೊಂದು ಕಮ್ಮಿಯಾಗಿತ್ತು’ ಎಂದೆ. ನಮ್ಮ ಯಜಮಾನರು ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಕೇಳಿಸದ ಹಾಗೆ ಇದ್ದರು.

ಪೆಟ್ಟಿಗೆ ನಿಜಕ್ಕೂ ಚೆಂದವಿತ್ತು. ತೇಗದ ಬಣ್ಣ, ಸುತ್ತಲೂ ಚಿನ್ನದ ಗೆರೆ, ಒಳಗೆಲ್ಲ ನೀಲಿ ಬಳಿದ ಕೊಂಬು, ಮುಂದೆ ಒಂದು ಗಂಟೆಯ ಚಿತ್ರ. ಕಂಪನಿಯ ಹೆಸರು ಇಂಗ್ಲಿಷಿನಲ್ಲಿ ಏನಿತ್ತೋ ಏನೋ, ಸಂತೆಯವರಿಗೆ ಅದು ಗಂಟೆ ಮಾರ್ಕು. ಕಿವಿಗೆ ಸಿಕ್ಕಿಸಿಕೊಳ್ಳುವ ಎರಡು ಕೊಳವೆ ಕೊಟ್ಟು, ಕಾಸು ಇಸಿದುಕೊಂಡು ಒಂದೊಂದು ಹಾಡು ಕೇಳಿಸುತ್ತಿದ್ದ. ಬೇರೆ ಸೂಜಿ ಹಾಕಿದರೆ ನಾವು ಆಡಿದ ಮಾತನ್ನು ಮೇಣ ಹಿಡಿದಿಟ್ಟುಕೊಳ್ಳುತ್ತಿತ್ತು. ಕೊಂಬಿಗೆ ಬಾಯಿಟ್ಟು ತಮ್ಮ ಹೆಸರು ಹೇಳಿ, ಮತ್ತೆ ಅದೇ ಹೆಸರನ್ನು ಪೆಟ್ಟಿಗೆಯ ಬಾಯಲ್ಲಿ ಕೇಳಿ, ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಆದರೆ ಗೌಡನಿಗೆ ಅದು ಬರೀ ಹೊಟ್ಟೆಪಾಡಾಗಿ ಉಳಿಯಲಿಲ್ಲ. ಗಂಟೆ ಮಾರ್ಕು ಎಂದರೆ ಅವನ ಮನೆತನದ ಹೆಸರೇ ಆಗಿಹೋಯಿತು. ಪೆಟ್ಟಿಗೆ ಮಾರಿದ ಬಿಳಿಯರ ಅಂಗಡಿಯವರು ಗಂಟೆಯ ಬಿಲ್ಲೆ ಹೊಲಿದ ಒಂದು ಕೋಟು ಕೊಟ್ಟಿದ್ದರು, ಬೇಸಗೆಯಲ್ಲೂ ತೆಗೆಯುತ್ತಿರಲಿಲ್ಲ. ಬೇರೆ ಕಂಪನಿಯ ಪೆಟ್ಟಿಗೆ ಹಾಡುತ್ತಿದ್ದರೆ ಆ ಕಡೆ ಕಿವಿ ಮುಚ್ಚಿಕೊಂಡು ಹೋಗುತ್ತಿದ್ದ. ‘ಕಟ್ಟಿಕೊಂಡ ಹೆಂಡತಿಗೂ ನೀನು ಇಷ್ಟು ನಿಯತ್ತಾಗಿ ಇರಲಿಲ್ಲ ಕನಾ ಮಾದಣ್ಣ’ ಎಂದು ನಾನು ರೇಗಿಸಿದರೆ ಗಂಭೀರವಾಗಿ, ‘ಇದು ಎನ್ನ ಕೈ ಬಿಟ್ಟಿಲ್ಲ ಅಕ್ಕ’ ಎನ್ನುತ್ತಿದ್ದ.

ರಂಗಿ ಬೆಳೆದದ್ದು ಹೆಚ್ಚುಕಡಿಮೆ ನನ್ನ ಅಂಗಡಿಯ ಗೋಣಿತಾಟಿನ ಮೇಲೆ. ನನಗೆ ಮಕ್ಕಳಿಲ್ಲ. ಸಂತೆಯ ದಿನ ಅಪ್ಪನ ಜೊತೆ ಬಂದು, ಅವನು ಕೀಲಿ ತಿರುಗಿಸುತ್ತಿದ್ದರೆ ಇವಳು ನನ್ನ ಪಕ್ಕ ಕೂತು ಎಲೆಯ ತೊಟ್ಟು ಚಿವುಟುತ್ತಿದ್ದಳು. ನನ್ನನ್ನು ಅವ್ವೆ ಎನ್ನುತ್ತಿದ್ದಳು. ಅವಳ ತಲೆಗೆ ಎಣ್ಣೆ ಹಾಕಿದವಳು ನಾನು, ದೊಡ್ಡವಳಾದಾಗ ಬೆಲ್ಲ ಕೊಬ್ಬರಿ ಕೊಟ್ಟವಳು ನಾನು. ಹಾಗಾಗಿ ಈ ಕಥೆಯನ್ನು ನಾನು ತಣ್ಣಗೆ ಹೇಳುತ್ತೇನೆಂದು ಯಾರೂ ತಿಳಿಯಬೇಡಿ.

ಕೀಳ್ ಕೋತಗಿರಿ ಕಡೆಯ ಒಂದು ಹಟ್ಟಿಯ ಕಾರಿ ಗೌಡನ ಮಗ ನಂಜುಂಡನಿಗೆ ಅವಳನ್ನು ಕೊಟ್ಟದ್ದು. ಊಟಿಗೆ ರೈಲು ಬಂದ ವರ್ಷ ಅದು. ನಂಜುಂಡ ಒಳ್ಳೆಯ ಹುಡುಗ, ಅಪ್ಪನ ಎದುರು ಮಾತ್ರ ಬಾಯಿ ಸತ್ತವನು. ಬಡಗರಲ್ಲಿ ಮದುವೆ ಎಂದರೆ ಹೆಣ್ಣು ಗಂಡನ ಮನೆಗೆ ಹೋಗಿ, ಆ ಹಟ್ಟಿಯ ನೀರು ತಂದು ಒಳಗಿಡುವುದು. ಅಲ್ಲಿಗೆ ಮುಗಿಯಲಿಲ್ಲ. ಮೊದಲ ಬಸಿರು ಏಳು ತಿಂಗಳಿಗೆ ಬಂದಾಗ ಕಣ್ಣಿ ಹಾಕುವ ಶಾಸ್ತ್ರ ಇದೆ. ಗಂಡ ಬಿಳಿ ನೂಲಿನ ಕಣ್ಣಿ ಹಿಡಿದು ನಿಂತು ಹೆಣ್ಣಿನ ಅಪ್ಪನನ್ನು ಕೇಳಬೇಕು: ನಿನ್ನ ಮಗಳ ಕೊರಳಿಗೆ ಇದನ್ನು ಹಾಕಲೇ? ಅಪ್ಪ ಹೂಂ ಅನ್ನಬೇಕು. ಆಗಲೇ ಅವಳು ಆ ಮನೆಯವಳು. ಅಲ್ಲಿಯವರೆಗೆ ಅವಳು ಬಂದು ಇರುವವಳು, ಅಷ್ಟೇ. ಅಪ್ಪ ಬದುಕಿರುವಾಗ ಚಿಕ್ಕಪ್ಪ ದೊಡ್ಡಪ್ಪ ಯಾರೂ ಆ ಮಾತು ಹೇಳುವ ಹಾಗಿಲ್ಲ.

ಮದುವೆಯಾದ ಹೊಸತರಲ್ಲಿ ಬೀಗರಿಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಚೆನ್ನಾಗಿದ್ದರು. ಮಾದ ಗೌಡನ ಪೆಟ್ಟಿಗೆ ನೋಡಿ ಕಾರಿ ಗೌಡನಿಗೂ ಆಸೆ ಹುಟ್ಟಿತು. ಬೀಗನ ಹತ್ತಿರ ಇರುವುದೇ ತನ್ನ ಹತ್ತಿರವೂ ಇರಲಿ ಎಂದು ಕುನ್ನೂರಿಗೆ ಹೋಗಿ, ತೇಗದ ಬಣ್ಣ, ಚಿನ್ನದ ಗೆರೆ, ನೀಲಿ ಕೊಂಬು ಎಲ್ಲ ನೋಡಿಯೇ ಒಂದನ್ನು ಕೊಂಡು ತಂದ. ಮುಂದಿನ ಚಿತ್ರ ಮಾತ್ರ ಗಂಟೆಯಲ್ಲ. ಗಂಟೆಯನ್ನು ತಲೆಕೆಳಗೆ ಮಾಡಿದ ಹಾಗೆ ಕಾಣುವ ಒಂದು ಹೂವು. ಇನ್ನೊಂದು ಕಂಪನಿಯವರು ಮಾಡಿದ ನಕಲು ಅದು. ಬೆಲೆಯೂ ಕಡಿಮೆ, ಹೆಸರೂ ಬೇರೆ, ನೋಟ ಮಾತ್ರ ಅದೇ. ಮಾದ ಗೌಡ ಅದನ್ನು ನೋಡಿ ಮೊದಲು ನಕ್ಕುಬಿಟ್ಟ. ಆದರೆ ಮನೆಗೆ ಹೋಗಿ ಉಣ್ಣಲಿಲ್ಲ ಎಂದು ಅವನ ತಮ್ಮನ ಹೆಂಡತಿ ನನಗೆ ಹೇಳಿದಳು.

ಅಷ್ಟರಲ್ಲಿ ಗಂಟೆ ಕಂಪನಿಯವರು ಹೂವಿನ ಕಂಪನಿಯವರ ಮೇಲೆ ದಾವೆ ಹೂಡಿದರು. ಸಮುದ್ರದ ಆಚೆ ಕೂತ ಎರಡು ದೊಡ್ಡ ಮನುಷ್ಯರ ಜಗಳ, ಮದರಾಸಿನ ಕೋರ್ಟಿಗೆ ಬಂತು. ಓದು ಬಾರದ ಜನ ಪೆಟ್ಟಿಗೆಯ ರೂಪ ನೋಡಿ ಮೋಸ ಹೋಗುತ್ತಾರೆಯೇ ಎಂಬುದು ಅವರಿಗೆ ಬೇಕಾದ ಮಾತು. ಅದಕ್ಕೆ ಸಾಕ್ಷಿ ಹುಡುಕುತ್ತಾ ಒಬ್ಬ ವಕೀಲ, ಹೇಳಿಕೆ ಬರೆದುಕೊಳ್ಳುವ ಒಬ್ಬ ಅಧಿಕಾರಿ, ಕೊಯಮತ್ತೂರಿನಿಂದ ಬೆಟ್ಟ ಹತ್ತಿ ಬಂದರು. ಅಂಗಡಿಯವರು ಮಾದ ಗೌಡನನ್ನು ಮುಂದೆ ತಂದು ನಿಲ್ಲಿಸಿದರು. ಅವನೋ, ಕೋಟಿನ ಬಿಲ್ಲೆ ಉಜ್ಜಿಕೊಂಡು ಹೋಗಿದ್ದ.

ನಾನೂ ಯಜಮಾನರೂ ಹೇಳಿಕೆ ಬರೆದುಕೊಳ್ಳುವ ಕೋಣೆಯ ಕಿಟಕಿಯ ಹೊರಗೆ ನಿಂತು ಕೇಳಿದೆವು. ‘ಎನ್ನ ಬೀಗನೇ ಮೋಸ ಹೋಗಿದ್ದಾನೆ, ಪಾಪ. ಗಂಟೆ ಅಂತ ತಿಳಿದು ಕಳ್ಳ ಮಾಲು ತಂದಿದ್ದಾನೆ’ ಎಂದ. ಪಾಪ ಎಂದದ್ದು ಪ್ರೀತಿಯಿಂದಲೇ. ವಕೀಲ ಕೇಳಿದ, ಎರಡೂ ಪೆಟ್ಟಿಗೆ ಎಷ್ಟರ ಮಟ್ಟಿಗೆ ಒಂದೇ? ‘ತಿರುಪಿನಿಂದ ತಿರುಪಿಗೆ ಒಂದೇ.’ ಒಳಗೂ? ಗೌಡ ಆ ಹೂವಿನ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದವನೇ ಅಲ್ಲ. ಆದರೆ ಕಳ್ಳ ಎಂದ ಮೇಲೆ ಅರ್ಧ ಕದ್ದಿರುತ್ತಾನೆಯೇ ಎಂಬುದು ಅವನ ಲೆಕ್ಕ. ‘ಒಳಗೂ ಒಂದೇ. ಹೆತ್ತೆ ಮೇಲೆ ಆಣೆ’ ಎಂದುಬಿಟ್ಟ. ಹೆತ್ತೆ ಅವರ ಕುಲದ ತಾಯಿ. ಬಡಗರು ಆ ಹೆಸರಿನ ಮೇಲೆ ಸುಮ್ಮಸುಮ್ಮನೆ ಆಣೆ ಇಡುವುದಿಲ್ಲ.

ಮಾತು ಕೀಳ್ ಕೋತಗಿರಿ ಮುಟ್ಟಲು ಎಷ್ಟು ಹೊತ್ತು. ಕಾರಿ ಗೌಡನ ಹಟ್ಟಿಯವರೆಲ್ಲ ಅವನನ್ನು ನೋಡಿ ನಗಲು ಶುರುಮಾಡಿದರು. ಬೀಗನೇ ಸರ್ಕಾರದ ಮುಂದೆ ನಿಂತು ದಡ್ಡ ಎಂದನಲ್ಲ, ನಿನ್ನ ಮನೆಯಲ್ಲಿ ಕಳ್ಳ ಮಾಲು ಇದೆ ಎಂದನಲ್ಲ ಎಂದು. ಕಾರಿ ಗೌಡ ಉರಿದುಹೋದ. ಹಟ್ಟಿಯ ಹಿರಿಯರನ್ನು ಕೂಡಿಸಿ, ‘ಅವ ಎನ್ನ ಅಂಗಳದಲ್ಲಿ ನಿಂತು, ಈ ಪೆಟ್ಟಿಗೆ ಕಳ್ಳ ಮಾಲಲ್ಲ ಅಂತ ಎಲ್ಲರ ಮುಂದೆ ಹೇಳಲಿ. ಅಲ್ಲೀವರೆಗೆ ಈ ಹಟ್ಟಿಯ ಎಲ್ಲೆ ತುಳಿಯಕೂಡದು’ ಎಂದ.

‘ಹೆತ್ತೆ ಮೇಲೆ ಇಟ್ಟ ಆಣೆ ನಾ ತಿರುಗಿಸೆ’ ಎಂದು ಮಾದ ಗೌಡ ಇಲ್ಲಿಂದ ಹೇಳಿ ಕಳಿಸಿದ.

ಆಯಿತಲ್ಲ. ಎರಡು ಮರದ ಪೆಟ್ಟಿಗೆಗಾಗಿ ಎರಡು ಮನೆ ಮುಖ ತಿರುಗಿಸಿದವು. ಮಾಡಿದವರು ಯಾರೋ, ಮಾರಿದವರು ಯಾರೋ, ಇವರಿಗೆ ಏನು ಬಂದಿತ್ತು? ನಾನು ಬೈದೆ, ಬುದ್ಧಿ ಹೇಳಿದೆ, ಒಂದು ಸಂತೆ ಪೂರ್ತಿ ಮಾತು ಬಿಟ್ಟೆ. ಗೌಡ ಕಲ್ಲುಕಟ್ಟೆಯ ಮೇಲೆ ಕೂತು ಕೊಂಬು ಒರೆಸುತ್ತಿದ್ದ.

ರಂಗಿ ಬಸಿರಾದಳು. ತಿಂಗಳುಗಳು ತುಂಬುತ್ತಾ ಬಂದವು. ಏಳಕ್ಕೆ ಬಿದ್ದಾಗ ಅವಳು ಸಂತೆಗೆ ಬರುವವರ ಕೈಲಿ ಅಪ್ಪನಿಗೆ ಹೇಳಿ ಕಳಿಸಿದಳು: ಕಣ್ಣಿ ಶಾಸ್ತ್ರಕ್ಕೆ ಸೋಮವಾರ ಗೊತ್ತಾಗಿದೆ, ನೀನು ಬರದಿದ್ದರೆ ಎನ್ನ ಕೊರಳು ಬರಿದು. ಆ ಮಾತು ಕೇಳಿ ಗೌಡ ಪೆಟ್ಟಿಗೆ ಮುಚ್ಚಿ ಎದ್ದು ಹೋದ. ಮಾರನೆಯ ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ನನ್ನೆದುರು ಕೂತ.

‘ಅಕ್ಕ, ಅಪ್ಪನ ಹೂಂ ಬೇಕು ಅಂತಾರೆ. ಅಪ್ಪನ ಕಾಲು ಬೇಕು ಅಂತ ಶಾಸ್ತ್ರದಲ್ಲಿ ಎಲ್ಲೂ ಇಲ್ಲ.’

ನನಗೆ ಮೊದಲು ತಿಳಿಯಲಿಲ್ಲ. ಅವನು ಕೋಟಿನ ಒಳಗಿಂದ ಹತ್ತಿಯಲ್ಲಿ ಸುತ್ತಿದ ಮೇಣದ ಉರುಳೆ ತೆಗೆದ. ‘ಇದರಲ್ಲಿ ಹೂಂ ಅಂದಿದ್ದೇನೆ. ಎನ್ನ ದನಿಯೇ. ಹಿರಿಯರು ಒಪ್ಪಿದರೆ ಸಾಕು.’

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಹಟ್ಟಿಯ ಹಿರಿಯರು ಒಪ್ಪಿಬಿಟ್ಟರು. ಅವರಿಗೂ ಈ ಜಗಳ ಸಾಕಾಗಿತ್ತು, ಹುಡುಗಿಯ ಮೇಲೆ ಕನಿಕರವಿತ್ತು. ದನಿ ಅವನದೇ ಆದರೆ ಮಾತೂ ಅವನದೇ ಎಂದರು. ಕಾರಿ ಗೌಡ ಒಂದೇ ಹಟ ಹಿಡಿದ: ಉರುಳೆ ತನ್ನ ಪೆಟ್ಟಿಗೆಯಲ್ಲೇ ಹಾಡಬೇಕು, ಗಂಟೆ ಮಾರ್ಕು ತನ್ನ ಹೊಸಿಲು ದಾಟಬಾರದು. ಕಳ್ಳ ಎಂದವನ ದನಿ ಆ ಕಳ್ಳನ ಬಾಯಿಂದಲೇ ಬರಲಿ ಎಂಬ ಚಪಲ ಅವನಿಗೆ.

‘ಅದರಲ್ಲಿ ಇದು ಹಿಡಿಸ್ತದಾ, ನೋಡಿದ್ದೀಯಾ?’ ಎಂದು ನಾನು ಕೇಳಿದೆ. ‘ನಿನ್ನ ಪೆಟ್ಟಿಗೆನೇ ಕಳಿಸು, ಅಂಗಳದಾಚೆ ಇಟ್ಟು ಹಾಡಿಸಾಣ.’

ಗೌಡ ನನ್ನನ್ನು ಒಂದು ಥರ ನೋಡಿದ. ‘ಒಳಗೂ ಒಂದೇ ಅಂತ ಆಣೆ ಇಟ್ಟಿದ್ದೇನೆ ಅಕ್ಕ. ಈಗ ಎನ್ನದೇ ಕಳಿಸಿದರೆ ಆಣೆಯಲ್ಲಿ ಎನಗೇ ನಂಬಿಕೆ ಇಲ್ಲ ಅಂತ ಆಗುತ್ತ.’

ಉರುಳೆಯನ್ನು ಬಿದಿರ ಬುಟ್ಟಿಯಲ್ಲಿ ಹತ್ತಿಯ ನಡುವೆ ಇಟ್ಟು, ಮಡಿಲಲ್ಲಿ ಹಿಡಿದುಕೊಂಡು, ಕೋತಗಿರಿಯವರೆಗೆ ಗಾಡಿಯಲ್ಲಿ, ಅಲ್ಲಿಂದ ಕೆಳಕ್ಕೆ ನಡೆದು ಹೋದೆ. ತಾಯಿ ಇಲ್ಲದವಳ ಕಣ್ಣಿ ಶಾಸ್ತ್ರಕ್ಕೆ ತಾಯಿ ಸ್ಥಾನದಲ್ಲಿ ಯಾರಾದರೂ ಇರಬೇಡವೇ.

ಹಟ್ಟಿ ಮುಟ್ಟಿದಾಗ ಸಂಜೆ. ರಂಗಿ ಬಿಳಿ ಬಟ್ಟೆ ಉಟ್ಟು ಗೋಡೆಗೊರಗಿ ಕೂತಿದ್ದಳು. ಮುಖ ಊದಿತ್ತು, ಕಾಲೂ ಊದಿತ್ತು. ನನಗೆ ಅದು ಸರಿ ಕಾಣಲಿಲ್ಲ. ನಾನು ಬಂದದ್ದು ನೋಡಿ, ‘ಅವ್ವೆ, ಅಪ್ಪನ ಕರಕೊಂಡು ಬಂದೆಯಾ?’ ಎಂದಳು. ಬುಟ್ಟಿ ತೋರಿಸಿದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು.

ಹಿರಿಯರು ಕೂತರು. ಹೂವಿನ ಪೆಟ್ಟಿಗೆಯನ್ನು ಹಲಗೆಯ ಮೇಲೆ ಇಟ್ಟರು. ನಂಜುಂಡ ಕಣ್ಣಿ ಹಿಡಿದು ಹೆಂಡತಿಯ ಮುಂದೆ ನಿಂತ. ಕಾರಿ ಗೌಡ ತಾನೇ ಉರುಳೆ ತೆಗೆದು ದಿಂಡಿಗೆ ತೊಡಿಸಲು ಹೋದ. ಅರ್ಧ ಹೋಯಿತು, ನಿಂತಿತು. ತೆಗೆದು ತಿರುಗಿಸಿ ಇನ್ನೊಮ್ಮೆ ಹಾಕಿದ. ಅಲ್ಲೇ ನಿಂತಿತು. ಆ ಪೆಟ್ಟಿಗೆಯ ದಿಂಡು ದಪ್ಪ. ಹೊರಗಿನದನ್ನು ಎಲ್ಲ ಕದ್ದು, ತಮ್ಮ ಉರುಳೆಯನ್ನೇ ಜನ ಕೊಳ್ಳಲಿ ಎಂದು ಒಳಗಿನದನ್ನು ಬೇರೆ ಮಾಡಿದ್ದರು ಆ ಪುಣ್ಯಾತ್ಮರು. ‘ಗೌಡರೇ, ಬ್ಯಾಡಿ, ಬಿಡಿ’ ಎಂದು ನಾನು ಏಳುವಷ್ಟರಲ್ಲಿ ಅವನು ಅಂಗೈಯಿಂದ ಒಂದು ಒತ್ತು ಒತ್ತಿದ. ಮೇಣ ಟಕ್ಕನೆ ಸೀಳಿತು. ಮೂರು ಚೂರಾಗಿ ಹಲಗೆಯ ಮೇಲೆ ಬಿತ್ತು.

ಕಾರಿ ಗೌಡನ ಮುಖ ಅರಳಿತು. ದೇವರಾಣೆ, ಅರಳಿತು, ನಾನು ಕಣ್ಣಾರೆ ಕಂಡೆ. ‘ನೋಡಿದಿರಾ? ಎಲ್ಲಾರೂ ನೋಡಿದಿರಾ? ಇದು ಬೇರೆ ಪೆಟ್ಟಿಗೆ. ಅವಂದು ಇದರೊಳಗೆ ಹಿಡಿಸ್ತಾ? ಅವ ಹೆತ್ತೆ ಮೇಲೆ ಸುಳ್ಳು ಆಣೆ ಇಟ್ಟಿದ್ದಾನೆ.’

ರಂಗಿ ಬಗ್ಗಲಾರದೆ ಬಗ್ಗಿ ಚೂರುಗಳನ್ನು ಒಂದೊಂದಾಗಿ ಎತ್ತಿ ಮಡಿಲಿಗೆ ಹಾಕಿಕೊಂಡಳು. ‘ಮಾಮ, ಇದರೊಳಗೆ ಎನ್ನ ಅಪ್ಪ ಇದ್ದ’ ಎಂದಳು. ದನಿ ಎತ್ತಲೂ ಇಲ್ಲ. ಕಾರಿ ಗೌಡ ತಲೆ ತಗ್ಗಿಸಿದ. ಅವನಿಗೂ ಒಂದು ಹೃದಯ ಇತ್ತು, ಇಲ್ಲ ಎನ್ನಲಾರೆ. ಸಿಟ್ಟಿಗೆ ಸಿಕ್ಕಿ ಎಲ್ಲೋ ಬಿದ್ದಿತ್ತು. ಹಿರಿಯರು ಏಳನೇ ತಿಂಗಳು ತಪ್ಪಿದರೆ ಒಂಬತ್ತರಲ್ಲಿ ಹಾಕಬಹುದು, ಅಷ್ಟರಲ್ಲಿ ಅಪ್ಪ ಬರಲಿ ಎಂದು ಎದ್ದರು. ನಂಜುಂಡ ಕಣ್ಣಿಯನ್ನು ಮುದುರಿ ದೀಪದ ಗೂಡಿನಲ್ಲಿ ಇಟ್ಟ.

ನಾನು ಹೊರಡುವಾಗ ರಂಗಿ ಚೂರುಗಳನ್ನು ನನ್ನ ಬುಟ್ಟಿಗೆ ಹಾಕಿದಳು. ‘ಅಪ್ಪಂಗೆ ಹೇಳು ಅವ್ವೆ. ಒಳಗೆ ಬರದಿದ್ದರೆ ಬೇಡ. ಆ ಎದುರು ಬೆಟ್ಟದ ಮೇಲೆ ನಿಂತು ಕೂಗಲಿ ಸಾಕು. ಎನಗೆ ಕೇಳುತ್ತ.’

ಊಟಿಗೆ ಬಂದು ಬುಟ್ಟಿಯನ್ನು ಗೌಡನ ಮುಂದೆ ಇಟ್ಟೆ. ನಡೆದದ್ದು ಹೇಳಿದೆ. ದಿಂಡು ದಪ್ಪ ಎಂದಾಗ ಅವನು ಬೇರೇನೂ ಕೇಳಿಸಿಕೊಳ್ಳಲಿಲ್ಲ ಎಂದು ಕಾಣುತ್ತದೆ.

‘ಹಂಗಾದರೆ ಒಳಗೆ ಬೇರೆ’ ಎಂದ.

‘ಬೇರೆನೋ ಒಂದೋ, ಅದು ಹಾಳಾಗಿ ಹೋಗಲಿ. ಹುಡುಗಿ ಕಾಲು ಊದ್ಕೊಂಡದೆ ಮಾದಣ್ಣ. ಈಗಲೇ ಹೊರಡು. ಬೆಟ್ಟದ ಮ್ಯಾಲೆ ನಿಂತು ಕೂಗು ಅಂತಾಳೆ. ಅಷ್ಟು ಮಾಡಕ್ಕೆ ನಿನಗೆ ಏನು ಬಂದದೆ?’

‘ನಾ ಹೆತ್ತೆ ಮೇಲೆ ಸುಳ್ಳು ಹೇಳಿದ್ದೇನೆ ಅಕ್ಕ.’

‘ಗೊತ್ತಿಲ್ಲದೆ ಹೇಳಿದ್ದೀಯ. ತಾಯಿ ಹೊಟ್ಟೆಗೆ ಹಾಕೊಂಡಾಳು, ನಡಿ.’

ಅವನು ತಲೆ ಅಲ್ಲಾಡಿಸಿದ. ಆ ಮುಖ ನನಗೆ ಈಗಲೂ ಕಾಣುತ್ತದೆ. ಹಟವಲ್ಲ ಅದು, ಭಯ. ‘ಎನ್ನ ಬಾಯಿಗೆ ಸುಳ್ಳು ಅಂಟಿಕೊಂಡಿದೆ. ಇದೇ ಬಾಯಲ್ಲಿ ಹೋಗಿ ಎನ್ನ ಹೆಣ್ಣಿಗೆ ಹೂಂ ಅಂದರೆ ಆ ಹೂಂ ನಿಲ್ಲುತ್ತಾ? ಇಟ್ಟ ಕಡೆಯೇ ಆಣೆ ತೆಗೆಯಬೇಕು. ಕೊಯಮತ್ತೂರಿಗೆ ಹೋಗಿ ಬರೆದದ್ದ ಅಳಿಸಿ ಬತ್ತೆ. ಒಂಬತ್ತಕ್ಕೆ ಇನ್ನೂ ದಿನ ಇದೆ.’

ಮೈಮೇಲೆ ಬಿದ್ದು ತಡೆಯುವುದೊಂದು ಬಾಕಿ. ಕೇಳಲಿಲ್ಲ. ಕೋಟನ್ನು ಬಿಚ್ಚಿ ನನ್ನ ಅಂಗಡಿಯಲ್ಲಿ ಇಟ್ಟು, ಬರೀ ಹೊದಿಕೆ ಹೊದ್ದು ರೈಲು ಹತ್ತಿದ. ಜೀವನದಲ್ಲಿ ಅವನು ಬೆಟ್ಟ ಇಳಿದದ್ದು ಅದೊಂದೇ ಸಲ.

ಕೊಯಮತ್ತೂರಿನಲ್ಲಿ ವಕೀಲನ ಮನೆ ಹುಡುಕಲು ಒಂದು ದಿನ, ಅವನ ಬಾಗಿಲಲ್ಲಿ ಕಾಯಲು ಮೂರು ವಾರ. ಕೊನೆಗೆ ಕರೆದಾಗ ಗೌಡ ಕೈಮುಗಿದು, ತಾನು ಹೇಳಿದ್ದು ಸುಳ್ಳು, ಒಳಗೆ ಬೇರೆ, ಅದನ್ನು ಅಳಿಸಿ ಎಂದನಂತೆ. ವಕೀಲ ಅವನನ್ನು ಮೊದಲು ಗುರುತೇ ಹಿಡಿಯಲಿಲ್ಲ. ಹಿಡಿದ ಮೇಲೆ ನಕ್ಕನಂತೆ. ಆ ದಾವೆ ಎಲ್ಲಿದೆ ಈಗ? ಎರಡು ಕಂಪನಿಯವರೂ ಎಂದೋ ರಾಜಿಯಾದರು. ಗಂಟೆಯವರು ಹೂವಿನವರನ್ನು ಕೊಂಡುಕೊಂಡರು. ಇನ್ನು ಮೇಲೆ ಎರಡೂ ಒಂದೇ ಕಾರ್ಖಾನೆಯ ಮಾಲು. ನಿನ್ನ ಹೇಳಿಕೆಯನ್ನು ಯಾರೂ ಓದಿಯೇ ಇಲ್ಲ, ಮನೆಗೆ ಹೋಗು ಎಂದನಂತೆ.

ಗೌಡ ಇದನ್ನು ನನಗೆ ಹೇಳಿದ್ದು ಊಟಿ ಸ್ಟೇಷನ್ನಿನಲ್ಲಿ, ಬೆಳಗ್ಗೆ. ಹಿಂದಿನ ಸಂಜೆಯಿಂದ ಬರುವ ರೈಲಿಗೆಲ್ಲ ನಾನೂ ಯಜಮಾನರೂ ಅವನಿಗಾಗಿ ಅಲ್ಲಿ ಕಾಯುತ್ತಿದ್ದೆವು. ಅವನು ಬಂಡಿಯಿಂದ ಇಳಿದವನೇ ಮುಖದಲ್ಲಿ ಒಂದು ನಗು ತಂದುಕೊಂಡು, ‘ಬಾಯಿ ಶುದ್ಧ ಆಯಿತು ಅಕ್ಕ. ಈಗಲೇ ಹಟ್ಟಿಗೆ ಹೊರಟೆ. ಅಂಗಳದಲ್ಲೂ ಹೇಳುವೆ, ಕಾರಿಯ ಕಾಲೂ ಹಿಡಿಯುವೆ’ ಎಂದ. ವಕೀಲ ನಕ್ಕದ್ದನ್ನೂ ಹೇಳಿದ. ನಾನು ಅವನನ್ನು ಮಾತು ಮುಗಿಸಲು ಬಿಟ್ಟೆ. ಆ ಹೊತ್ತಿನಲ್ಲಿ ಅಷ್ಟು ಮಾತ್ರ ನನ್ನಿಂದ ಸಾಧ್ಯವಿತ್ತು.

ಆಮೇಲೆ ಹೇಳಿದೆ. ನಿನ್ನೆ, ಎಂಟರಲ್ಲೇ ನೋವು ಬಂತು ಮಾದಣ್ಣ. ಕೂಸು ಅಳಲಿಲ್ಲ. ರಂಗಿಯೂ ನಿಲ್ಲಲಿಲ್ಲ.

ಅವನು ಪ್ಲಾಟ್‌ಫಾರ್ಮಿನ ಮೇಲೆ ಕೂತ. ಅತ್ತರೆ ಒಳ್ಳೆಯದಿತ್ತು; ಅಳಲಿಲ್ಲ. ನಾನೇ ಅತ್ತೆ. ನನಗೆ ಮಗಳಿರಲಿಲ್ಲ, ಇದ್ದವಳು ಒಬ್ಬಳು ಅವಳೇ. ನಮ್ಮ ಯಜಮಾನರು ಅವನ ತೋಳು ಹಿಡಿದು ಎಬ್ಬಿಸಿದರು. ಗಾಡಿಯಲ್ಲಿ ಮೂವರೂ ಹೋದೆವು.

ಹಟ್ಟಿಯ ಅಂಗಳದಲ್ಲಿ ಮಂಚದ ಮೇಲೆ ಅವಳನ್ನು ಮಲಗಿಸಿದ್ದರು. ಇನ್ನೂ ಎತ್ತಿರಲಿಲ್ಲ. ಕಣ್ಣಿ ಇಲ್ಲದವಳನ್ನು ಆ ಮನೆಯ ಹೆಣ್ಣಾಗಿ ಕಳಿಸುವಂತಿಲ್ಲ, ಅಪ್ಪ ಬಂದು ಹೂಂ ಎಂದು, ಗಂಡ ಕಣ್ಣಿ ಹಾಕಿದ ಮೇಲೆಯೇ ಮುಂದಿನದು ಎಂದು ಹಿರಿಯರು ಕಾದಿದ್ದರು. ಕಾರಿ ಗೌಡನ ಪೆಟ್ಟಿಗೆ ಕೆಳಗಿನ ಹಳ್ಳದಲ್ಲಿ ಬಿದ್ದಿತ್ತು. ಕೊಂಬು ಮಾತ್ರ ಮೇಲೆ ಕಾಣುತ್ತಿತ್ತು.

ಹಟ್ಟಿಯ ಎಲ್ಲೆಯ ಹತ್ತಿರ ಮಾದ ಗೌಡ ನಿಂತುಬಿಟ್ಟ. ‘ನಾ ಇನ್ನೂ ಹೇಳಿಲ್ಲ’ ಎಂದ. ಅಂಗಳದಲ್ಲಿ ನಿಂತು ಹೇಳಬೇಕಾದ ಮಾತು ಅದು, ಕಳ್ಳ ಮಾಲಲ್ಲ ಎಂಬುದು. ಅವನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಾರಿ ಗೌಡ ಓಡಿ ಬಂದು, ಮುಂಡಾಸು ತೆಗೆದು, ಚಿಕ್ಕವರು ಹಿರಿಯರ ಮುಂದೆ ಬಗ್ಗುವ ಹಾಗೆ ತಲೆ ಬಗ್ಗಿಸಿದ. ವಯಸ್ಸಿನಲ್ಲಿ ಅವನೇ ದೊಡ್ಡವನು. ‘ಬೇಡ ಬೀಗ. ಏನೂ ಹೇಳಬೇಡ. ಒಳಗೆ ಬಾ’ ಎಂದ. ಮಾದ ಗೌಡ ಆ ತಲೆಯ ಮೇಲೆ ಕೈ ಇಟ್ಟ. ಇಷ್ಟೇ ಆಗಬೇಕಾಗಿತ್ತು ಒಂದು ತಿಂಗಳ ಹಿಂದೆ.

ನಂಜುಂಡ ದೀಪದ ಗೂಡಿನಿಂದ ಅದೇ ಕಣ್ಣಿ ತಂದ. ಮಂಚದ ಪಕ್ಕ ನಿಂತು ಮಾವನ ಮುಖ ನೋಡಿದ.

‘ಮಾಮ, ನಿನ್ನ ಮಗಳ ಕೊರಳಿಗೆ ಈ ಕಣ್ಣಿ ಹಾಕಲಾ?’

ಮಾದ ಗೌಡನ ತುಟಿ ಅಲುಗಿತು. ಏನೂ ಕೇಳಿಸಲಿಲ್ಲ. ಹಟ್ಟಿಯ ಮುದುಕರೊಬ್ಬರು ಮೆಲ್ಲಗೆ, ‘ಎಲ್ಲರಿಗೂ ಕೇಳಬೇಕು ಮಾದ. ಶಾಸ್ತ್ರ’ ಎಂದರು. ಪಾಪ, ಅವರಿಗೂ ಹೇಳಲು ಮನಸ್ಸಿರಲಿಲ್ಲ.

ಅವನು ಮಗಳ ಮುಖದ ಹತ್ತಿರ ಬಗ್ಗಿದ. ಸಂತೆಯಲ್ಲಿ ಕೊಂಬಿಗೆ ಬಾಯಿಟ್ಟು ಮಾತಾಡುವಾಗ ಬಗ್ಗುತ್ತಿದ್ದನಲ್ಲ, ಹಾಗೆಯೇ. ಅವಳ ಕಿವಿಯ ಹತ್ತಿರ, ಇಡೀ ಹಟ್ಟಿಗೆ ಕೇಳುವ ಹಾಗೆ ಹೂಂ ಎಂದ. ನಂಜುಂಡ ಕಣ್ಣಿ ಹಾಕಿದ. ಹೆಂಗಸರು ಅಳು ತೆಗೆದರು.

ಅದಾದ ಮೇಲೆ ಗೌಡ ಬಹಳ ವರ್ಷ ಬದುಕಿದ. ಪೆಟ್ಟಿಗೆ ಮುಟ್ಟಲಿಲ್ಲ, ಆಲೂಗಡ್ಡೆ ಬೆಳೆದ. ಒಂದು ಸಲ ಅಂಗಡಿಯವರು ಹೊಸ ಪೆಟ್ಟಿಗೆಯೊಂದನ್ನು ಕಳಿಸಿ, ಹಳೆಯ ನಂಬಿಕಸ್ಥನಿಗೆ ಉಡುಗೊರೆ ಎಂದರು. ಅದರ ಮುಂದೆ ಹೂವಿನೊಳಗೆ ಗಂಟೆ ಇಟ್ಟ ಚಿತ್ರ. ಎಷ್ಟು ಚೆಂದವಾಗಿ ಬರೆದಿದ್ದರು. ಗೌಡ ಅದನ್ನು ಸ್ವಲ್ಪ ಹೊತ್ತು ನೋಡಿ, ಮುಚ್ಚಳ ಎತ್ತಿ, ಒಳಗಿನ ದಿಂಡಿನ ಮೇಲೆ ಬೆರಳಾಡಿಸಿದ. ಮುಚ್ಚಿ, ತಂದವರ ಕೈಗೇ ವಾಪಸು ಕೊಟ್ಟ. ಅವನ ಕೋಟು ನನ್ನ ಅಂಗಡಿಯ ಗೂಟದ ಮೇಲೆಯೇ ಉಳಿಯಿತು; ಕೇಳಲೂ ಇಲ್ಲ, ನಾನು ಕೊಡಲೂ ಇಲ್ಲ.

ಪ್ರತಿ ಸಂತೆಗೂ ಎಲೆ ಅಡಿಕೆಗೆ ಬರುತ್ತಿದ್ದ. ಕಟ್ಟಲಾ ಮಾದಣ್ಣ ಎಂದರೆ ತಲೆ ಆಡಿಸುತ್ತಿದ್ದ. ಬೆಲ್ಲ ಬೇಕಾ ಎಂದರೂ ತಲೆ. ಮೈಗೆ ಹುಷಾರಾ ಎಂದರೂ ತಲೆ. ಉಳಿದ ಮಾತೆಲ್ಲ ಆಡುತ್ತಿದ್ದ. ಒಂದು ದಿನ ನನಗೆ ರೇಗಿತು. ಜನ ಬೇರೆ ಮುಗಿಬಿದ್ದಿದ್ದರು. ‘ಬಾಯಿ ಬಿಟ್ಟು ಒಂದು ಹೂಂ ಅನ್ನಯ್ಯ, ಗಂಟೇನಾದರೂ ಹೋಗ್ತದಾ’ ಎಂದುಬಿಟ್ಟೆ.

ಅವನು ಸಿಟ್ಟಾಗಲಿಲ್ಲ. ‘ಅದ ರಂಗಿಗೆ ಕೊಟ್ಟೆ ಅಕ್ಕ’ ಎಂದ.

ನಾನು ಎಲೆ ಕಟ್ಟಿ ಅವನ ಕೈಗೆ ಕೊಟ್ಟೆ.